ಕೋಲಿನ ಕರ್ತೃ ಯಾರು?

ಪೂಲ್ ಆಟದಲ್ಲಿ ಚೆಂಡನ್ನು ಹೊಡೆಯುವ ಕೋಲಿಗೆ ಕ್ಯೂ ಎಂದು ಹೆಸರು. 1912ರಲ್ಲಿ ರಷ್ಯದಲ್ಲಿ ಹುಟ್ಟಿ ಅಮೆರಿಕ ಸೇರಿದ ಬಡಗಿ ಜಾರ್ಜ್ ಬಾಲಬುಷ್ಕ, 1959ರಲ್ಲಿ ಗೆಳೆಯರಿಗೆ ಉಡುಗೊರೆಯಾಗಿ ಕೊಡಲೆಂದು ಕ್ಯೂಗಳನ್ನು ಮಾಡತೊಡಗಿದನು. ಮುಂದೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಆತನ ಕಾರ್ಯಾಗಾರವನ್ನು ನುರಿತ ಆಟಗಾರರೇ ಅರಸಿಕೊಂಡು ಬರುವಂತಾಯಿತು.

ಅಚ್ಚರಿಯೆಂದರೆ, ಕೋಲಿನ ಹಿಂಬದಿಯ ಒರಟು ದಿಂಡನ್ನು ಆತನು ಬಹುಮಟ್ಟಿಗೆ ಅನ್ಯರಿಂದಲೇ ಪಡೆಯುತ್ತಿದ್ದನು: ಮೊದಲು ಬ್ರನ್ಸ್‌ವಿಕ್ ಕಂಪನಿಯದು, ಆಮೇಲೆ ಬರ್ಟನ್ ಸ್ಪೇನ್, ಗಸ್ ಜಾಂಬೋಟಿ ಎಂಬ ಕುಶಲಿಗಳದು. ಮೇಪಲ್ ಮರದೊಳಗೆ ಕರಿಮರದಂಥ ಗಾಢವರ್ಣದ ಮರವನ್ನು ಚೂಪುಚೂಪಾಗಿ ಬೆಸೆದ ದಿಂಡು ಅದು. ಅದನ್ನು ಲೇತಿನಲ್ಲಿ ತುಸುವೇ ತರಿಯಬೇಕು, ಮರ ನೆಲೆಗೊಳ್ಳುವವರೆಗೆ ಕಾಯಬೇಕು, ಮತ್ತೆ ತರಿಯಬೇಕು. ಅವಸರಪಟ್ಟರೆ ಕೋಲು ಬಾಗುತ್ತದೆ. ಎರಡು ತುಂಡುಗಳು ಕೂಡುವ ಕೀಲು ಕೂದಲೆಳೆಯಷ್ಟು ಸಡಿಲವಾದರೂ ಹೊಡೆತದ ನಾದ ಕೆಡುತ್ತದೆ. ಹಿಡಿಗೆ ಐರಿಷ್ ಲಿನನ್ ದಾರದ ಸುತ್ತು.

ಹಾಗಾದರೆ ಕೋಲು ಯಾರದು? ಕಥೆ ವ್ಯಾಸರದಾದರೂ ವಿಕ್ರಮಾರ್ಜುನ ವಿಜಯವನ್ನು ಪಂಪನದೆನ್ನಲು ಕನ್ನಡ ವಿದ್ಯಾರ್ಥಿ ಹಿಂಜರಿಯುವುದಿಲ್ಲ. ಪಂಪನಾದರೋ ವ್ಯಾಸರನ್ನು ಕಾವ್ಯದಲ್ಲೇ ನೆನೆದಿದ್ದಾನೆ. ಬಾಲಬುಷ್ಕ 1975ರಲ್ಲಿ ತೀರಿಕೊಂಡನು. ಆತನ ಕೋಲು ಕೈಗೆ ಬಂದರೆ ಸಂಗ್ರಾಹಕರು ಇಂದಿಗೂ ದಿಂಡು ಸ್ಪೇನನದೋ ಜಾಂಬೋಟಿಯದೋ ಎಂದು ವಿಚಾರಿಸುತ್ತಾರೆ.