ಹಳೆಯ ಎಂಜಿಬಿ ಕೊಳ್ಳಹೊರಟ ಅಕ್ಕನ ಮಗಳಿಗೆ

ನೀನು ಇಂಗ್ಲೆಂಡಿಗೆ ಬಂದು ನೆಲೆ ನಿಂತ ಮೇಲೆ ಮೊದಲು ಕೊಳ್ಳುವ ಕಾರು ಎಂಜಿಬಿಯೇ ಆಗಬೇಕು ಎಂದೆಯಲ್ಲ, ಮಗಳೇ, ಕೇಳಿ ಸಂತೋಷವಾಯಿತು. ಕೊವೆಂಟ್ರಿ ಸುತ್ತಮುತ್ತಲಿನ ಗ್ಯಾರೇಜುಗಳಲ್ಲಿ ಇಂಥ ಕಾರುಗಳನ್ನು ರಿಪೇರಿ ಮಾಡಿಯೇ ನಾನು ಸಂಸಾರ ಸಾಗಿಸಿದ್ದು. ನನ್ನ ಕಾಲದಲ್ಲಿ ಪತ್ರಿಕೆಯ ಸಣ್ಣ ಜಾಹೀರಾತು ನೋಡಿ, ಬಸ್ಸು ಹತ್ತಿ, ಕಾರಿನ ಅಡಿಗೆ ನುಸುಳಿ ನೋಡಿ ಬರುತ್ತಿದ್ದೆವು. ಈಗ ಎಲ್ಲವೂ ಫೋನಿನ ಪರದೆಯ ಮೇಲೆ ಬರುತ್ತದೆ, ಕಾರಿನ ಅಡಿ ಮಾತ್ರ ಬರುವುದಿಲ್ಲ. ನಾನು ಹೇಳಬೇಕಾದದ್ದು ಹೆಚ್ಚಾಗಿ ಅದರ ಬಗ್ಗೆಯೇ.

• ಅವಸರ ಬೇಡ. ಎಂಜಿಬಿಯನ್ನು 1962ರಿಂದ 1980ರವರೆಗೆ ಆಕ್ಸ್‌ಫರ್ಡಿಗೆ ಹತ್ತಿರದ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಿಸಿದರು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. "ಇವತ್ತೇ ಹೇಳಿ, ಇನ್ನಿಬ್ಬರು ಕೇಳುತ್ತಿದ್ದಾರೆ" ಎಂದು ಮಾರುವವನು ಒತ್ತಾಯ ಮಾಡಿದರೆ ಬಿಟ್ಟುಬಿಡು, ಮುಂದಿನ ತಿಂಗಳು ಇನ್ನೊಂದು ಬರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಿನ್ನ ಅಜ್ಜಿ ಹೇಳುತ್ತಿದ್ದುದು ಈ ವ್ಯವಹಾರಕ್ಕೆ ಹೇಳಿಮಾಡಿಸಿದ ಮಾತು.

• ಯಾವ ವರ್ಷದ್ದು ಬೇಕೆಂದು ಮೊದಲೇ ನಿಶ್ಚಯಿಸು. 1974ರ ಶರತ್ಕಾಲದವರೆಗೆ ಬಂದವು ಕ್ರೋಮ್ ಬಂಪರಿನವು. ಅಮೆರಿಕದ ಸುರಕ್ಷತಾ ನಿಯಮಗಳಿಗೆ ಹೊಂದಿಸಲು ಆಮೇಲಿನವಕ್ಕೆ ದಪ್ಪನೆಯ ಕಪ್ಪು ಬಂಪರ್ ಹಾಕಿ ಕಾರಿನ ಎತ್ತರವನ್ನೂ ಹೆಚ್ಚಿಸಿದರು. ಜನ ಕ್ರೋಮ್ ಬಂಪರಿಗೇ ಮುಗಿಬೀಳುತ್ತಾರೆ, ಬೆಲೆಯೂ ಅದಕ್ಕೇ ಹೆಚ್ಚು. ಅಷ್ಟೇ ಹಣಕ್ಕೆ ತುಕ್ಕು ಹಿಡಿದ ಕ್ರೋಮ್ ಬಂಪರಿನ ಕಾರಿಗಿಂತ ಗಟ್ಟಿಯಾದ ಕಪ್ಪು ಬಂಪರಿನದೇ ಮೇಲು ಎನ್ನುವುದು ನನ್ನ ಅಭಿಪ್ರಾಯ. 1967ರ ಕೊನೆಗೆ ಮುಂಚಿನವುಗಳಲ್ಲಿ ಮೊದಲ ಗೇರಿಗೆ ಸಿಂಕ್ರೋಮೆಶ್ ಇಲ್ಲ, ಕಾರು ಪೂರ್ತಿ ನಿಂತ ಮೇಲೆಯೇ ಅದನ್ನು ಹಾಕಬೇಕು. ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಯ ಲೋಹಕ್ಕೆ ಜೋಡಿಸಿದ ವೈರಿಂಗ್ ಇರುವುದೂ ಆ ಕಾರುಗಳಲ್ಲೇ. ಅದನ್ನು ತಿಳಿಯದೆ ಫೋನ್ ಚಾರ್ಜರ್ ಕೂರಿಸಲು ಹೋದರೆ ಸುಟ್ಟೀತು. ಹೆದ್ದಾರಿಯಲ್ಲಿ ಓಡಿಸುವ ಆಸೆಯಿದ್ದರೆ, ವೇಗದಲ್ಲೂ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಓವರ್‌ಡ್ರೈವ್ ಇರುವ ಕಾರನ್ನೇ ಹುಡುಕು.

• ಎಂಟು ಸಿಲಿಂಡರಿನ ವಿ8 ಸಿಕ್ಕಿತೆಂದು ಹಿಗ್ಗಬೇಡ. ಕಾರ್ಖಾನೆ ತಯಾರಿಸಿದ, ಉಕ್ಕಿನ ಛಾವಣಿಯ ಜಿಟಿ ವಿ8 ಕಾರುಗಳು 2,591 ಮಾತ್ರ. ಆಮೇಲೆ ಯಾರೋ ಎಂಜಿನ್ ಬದಲಿಸಿ ಕೂರಿಸಿದವೂ ಮಾರಾಟಕ್ಕೆ ಬರುತ್ತವೆ. ಅವು ಕೆಟ್ಟ ಕಾರುಗಳೆಂದಲ್ಲ, ಆದರೆ ಅಸಲಿಯ ಬೆಲೆ ಕೇಳಿದರೆ ಕೊಡಬೇಡ.

• ಹೊಳೆಯುವ ಕಾರಿಗಿಂತ ಉಳಿದುಬಂದ ಕಾರನ್ನು ನೋಡು. ಅಂಚಿನಲ್ಲಿ ಬಣ್ಣ ತೆಳುವಾಗಿರಬಹುದು, ಸೀಟಿನ ಚರ್ಮ ಬಿರುಕು ಬಿಟ್ಟಿರಬಹುದು. ಕಾರ್ಖಾನೆಯಲ್ಲಿ ಕೂರಿಸಿದ ಉಕ್ಕು ಹಾಗೇ ಇದ್ದು, ಮೊದಲ ಮಾಲೀಕನಿಂದ ಬಂದ ಬಿಲ್ಲುಗಳ ಕಟ್ಟು ಜೊತೆಗಿದ್ದರೆ ಅಂಥದ್ದಕ್ಕೆ ಒಂದಷ್ಟು ಹೆಚ್ಚೇ ಕೊಡು. ಒಮ್ಮೆ ಬಿಚ್ಚಿ, ಬಣ್ಣ ಹೊಡೆದು, ಹೊಸ ಸೀಟು ಹೊಲಿಸಿದ ಮೇಲೆ ಮೂಲದ ಸ್ಥಿತಿಯನ್ನು ಯಾರೂ ಮರಳಿ ತರಲಾರರು. ಪೂರ್ತಿ ಪುನರ್ನಿರ್ಮಿಸಿದ ಕಾರು ಬೇಡವೇ ಬೇಡ ಎನ್ನುತ್ತಿಲ್ಲ. ಬಿಚ್ಚಿದ ದಿನದಿಂದ ಬಣ್ಣ ಒಣಗಿದ ದಿನದವರೆಗಿನ ಫೋಟೋಗಳನ್ನು ಜೋಪಾನವಾಗಿ ಇಟ್ಟವನ ಕೆಲಸಕ್ಕೆ ಗೌರವ ಕೊಡಲೇಬೇಕು. ಮಾರುವ ಮುಂಚೆ ತರಾತುರಿಯಲ್ಲಿ ಬಣ್ಣ ಹೊಡೆಸಿದ್ದಕ್ಕೆ ಮಾತ್ರ ಹೆದರು.

• ಇಡೀ ಕಾರಿನಲ್ಲಿ ಮುಖ್ಯವಾದದ್ದು ಸಿಲ್. ಎಂಜಿಬಿಗೆ ಲಾರಿಗಿರುವಂಥ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಎಲ್ಲ ಭಾರವನ್ನೂ ಹೊರುತ್ತದೆ. ತೆರೆದ ರೋಡ್‌ಸ್ಟರಿಗಂತೂ ಉಕ್ಕಿನ ಛಾವಣಿಯ ಆಸರೆಯೂ ಇಲ್ಲ. ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಉಕ್ಕಿನ ಪೆಟ್ಟಿಗೆಯೇ, ಅಂದರೆ ಸಿಲ್ಲೇ, ಕಾರು ನಡುವೆ ಬಗ್ಗದಂತೆ ಹಿಡಿದಿಟ್ಟಿರುವುದು. ಅದು ಒಂದು ತಗಡಲ್ಲ. ಒಳಗಿನದೊಂದು, ಹೊರಗಿನದೊಂದು, ಅಡಿಯಲ್ಲಿ ಕ್ಯಾಸಲ್ ರೈಲ್ ಎಂಬುದೊಂದು, ಎಲ್ಲ ಸೇರಿ ಪೆಟ್ಟಿಗೆಯಾಗುತ್ತದೆ. ಈ ದೇಶದಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಪೆಟ್ಟಿಗೆಯೊಳಗೆ ಸೇರಿ ಒಳಗಿನಿಂದಲೇ ತಿನ್ನುತ್ತಾ ಬರುತ್ತದೆ. ಸರಿಯಾಗಿ ರಿಪೇರಿ ಮಾಡಬೇಕೆಂದರೆ ಮಡ್‌ಗಾರ್ಡಿನ ಕೆಳಭಾಗವನ್ನು ಕತ್ತರಿಸಿ, ಮೂರೂ ಪದರಗಳನ್ನು ಬದಲಿಸಿ, ಆ ಹೊತ್ತಿನಲ್ಲಿ ಕಾರು ಬಾಗದಂತೆ ಆಸರೆ ಕೊಟ್ಟು ವೆಲ್ಡಿಂಗ್ ಮಾಡಬೇಕು. ಇದಕ್ಕೆ ಬೀಳುವ ಖರ್ಚಿನಲ್ಲಿ ಎಂಜಿನ್ ರಿಪೇರಿಯೇ ಮುಗಿದುಹೋಗುತ್ತದೆ. ಅದಕ್ಕೇ ಕಳ್ಳದಾರಿ ಹಿಡಿಯುವವರಿದ್ದಾರೆ: ಹಳೆಯ ಸಿಲ್ಲಿನ ಮೇಲೆಯೇ ಹೊಸ ತಗಡು ಹೊದಿಸಿ, ಪುಟ್ಟಿ ಬಳಿದು, ಬಣ್ಣ ಹೊಡೆಯುತ್ತಾರೆ. ಗೆದ್ದಲು ತಿಂದ ತೊಲೆಗೆ ವಾರ್ನಿಷ್ ಬಳಿದ ಹಾಗೆ. ಮೇಲೆ ಸ್ಟೇನ್‌ಲೆಸ್ ಸ್ಟೀಲಿನ ಮಿನುಗುವ ಪಟ್ಟಿ ಹಾಕಿದ್ದರಂತೂ ಅದರ ಕೆಳಗೇನಿದೆ ಎಂದು ಕೇಳಲೇಬೇಕು.

• ಬಾಗಿಲಿನ ಸಂದನ್ನು ನೋಡು. ಇದನ್ನು ಫೋಟೋದಲ್ಲೇ ಹಿಡಿಯಬಹುದು. ಬಾಗಿಲಿಗೂ ಹಿಂದಿನ ಮಡ್‌ಗಾರ್ಡಿಗೂ ನಡುವಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವೆ ಕುಸಿದಿದೆ ಎಂದರ್ಥ. ನೋಡಲು ಹೋದಾಗ ಜಾಕ್ ಹಾಕಿ ಎತ್ತಿಸು. ಎತ್ತಿದಾಗ ಬಾಗಿಲು ಬಿಗಿದು ತೆರೆಯಲು ಕಷ್ಟವಾದರೆ ಮಾತು ಮುಗಿಸಿ ಹೊರಟುಬಿಡು.

• ಜಾಹೀರಾತಿನಲ್ಲಿ ಇಲ್ಲದ ಫೋಟೋಗಳನ್ನು ಕೇಳು. ಸೂರ್ಯಾಸ್ತದ ಹಿನ್ನೆಲೆಯ ಫೋಟೋ ನಮಗೆ ಬೇಕಿಲ್ಲ. ಸಿಲ್ಲಿನ ಅಡಿ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಸೀಟಿನ ಹಿಂದಿರುವ ಬ್ಯಾಟರಿ ಪೆಟ್ಟಿಗೆ, ಡಿಕ್ಕಿಯ ನೆಲ, ಕಾರ್ಪೆಟ್ ಎತ್ತಿದ ಮೇಲೆ ಕಾಣುವ ತಳ, ಇವೆಲ್ಲ ಬೇಕು. ಕಾರು ಒಣಗಿರಬೇಕು, ಒದ್ದೆ ಕಾರಿನಲ್ಲಿ ಬಣ್ಣದ ದೋಷಗಳು ಮುಚ್ಚಿಹೋಗುತ್ತವೆ. ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡುವ ವಿಡಿಯೋವನ್ನೂ ಕೇಳು. ನಿಜವಾಗಿ ಕಾರನ್ನು ಪ್ರೀತಿಸಿದವನು ಇದೆಲ್ಲವನ್ನೂ ಖುಷಿಯಿಂದ ಕಳುಹಿಸುತ್ತಾನೆ, ಕೇಳಿದ್ದಕ್ಕಿಂತ ಹೆಚ್ಚೇ ಕಳುಹಿಸುತ್ತಾನೆ.

• ನಂಬರ್ ಪ್ಲೇಟ್ ಕಂಡ ತಕ್ಷಣ ಎಂಒಟಿ ಎಂಬ ವಾರ್ಷಿಕ ತಪಾಸಣೆಯ ಇತಿಹಾಸ ತೆಗೆದು ನೋಡು. ಸರ್ಕಾರದ ತಾಣದಲ್ಲಿ ಇದು ಉಚಿತ, ನೋಂದಣಿ ಸಂಖ್ಯೆಯೊಂದಿದ್ದರೆ ಸಾಕು. 2005ರಿಂದೀಚಿನ ಪ್ರತಿ ತಪಾಸಣೆ, ಅಂದಿನ ಮೈಲಿ, ಫೇಲಾದ ಕಾರಣ ಎಲ್ಲವೂ ಅಲ್ಲಿದೆ. ಇಷ್ಟು ಒಳ್ಳೆಯ ಅನುಕೂಲ ನಮ್ಮ ಕಾಲದಲ್ಲಿ ಇರಲಿಲ್ಲ, ಚೆನ್ನಾಗಿ ಬಳಸಿಕೋ. ಸಿಲ್ಲಿನ ಹತ್ತಿರ ತುಕ್ಕಿದೆ ಎಂಬ ಎಚ್ಚರಿಕೆ ವರ್ಷ ವರ್ಷವೂ ಬಂದು, ಒಂದು ವರ್ಷ ಇದ್ದಕ್ಕಿದ್ದಂತೆ ಕಾಣೆಯಾಗಿದ್ದರೆ ಆ ವರ್ಷದ ವೆಲ್ಡಿಂಗ್ ಬಿಲ್ ಎಲ್ಲಿ ಎಂದು ಕೇಳು. 2018ರ ಮೇ ತಿಂಗಳಿಂದ 40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಆಗಿರದ ಕಾರುಗಳಿಗೆ ಎಂಒಟಿ ಕಡ್ಡಾಯವಿಲ್ಲ. ಕಡ್ಡಾಯವಿಲ್ಲದಿದ್ದರೂ ಪ್ರತಿ ವರ್ಷ ಮಾಡಿಸಿದ ಮಾಲೀಕನ ಕಾರನ್ನು ಪಟ್ಟಿಯಲ್ಲಿ ಮೇಲಕ್ಕೆ ತಗೋ.

• ಮೈಲಿಯ ಅಂಕಿಯನ್ನು ಮಾತ್ರ ನೋಡಿ ನಂಬಬೇಡ. ಇದರ ಮೀಟರಿನಲ್ಲಿ ಮೈಲಿಗೆ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆಗೆ ಬರುತ್ತದೆ. ಮೀಟರು 32,000 ತೋರಿಸಿದರೆ ಅದು 1,32,000 ಇದ್ದರೂ ಇರಬಹುದು. ಹಳೆಯ ಸರ್ವಿಸ್ ಬಿಲ್ಲುಗಳ ಜೊತೆ ತಾಳೆ ಹಾಕು.

• ಕಾಗದಪತ್ರ. ವಿ5ಸಿ ನೋಂದಣಿ ಪತ್ರ ನಮ್ಮೂರಿನ ಆರ್‌ಸಿ ಇದ್ದ ಹಾಗೆ ಎಂದುಕೊಳ್ಳಬೇಡ. ಅದರಲ್ಲಿರುವುದು ಕಾರನ್ನು ಇಟ್ಟುಕೊಂಡವರ ಹೆಸರು, ಅದು ಒಡೆತನಕ್ಕೆ ಸಾಕ್ಷಿಯಲ್ಲ ಎಂದು ಅದರ ಮೇಲೆಯೇ ಅಚ್ಚಾಗಿದೆ. ಆದ್ದರಿಂದ ಮಾರುವವನು ಕೊಂಡಾಗಿನ ರಸೀದಿಯನ್ನೂ ಕೇಳು, ಕಾರಿನ ಮೇಲೆ ಸಾಲ ಬಾಕಿ ಇದೆಯೇ ಎಂದು ಹಣ ಕಟ್ಟಿ ಪರೀಕ್ಷಿಸು. ಕಾರಿನ ಮೇಲಿನ ಸಂಖ್ಯೆ ವಿ5ಸಿಯಲ್ಲಿರುವ ಸಂಖ್ಯೆಗೆ ಸರಿಹೊಂದಬೇಕು. ಸಾಮಾನ್ಯವಾಗಿ ರೋಡ್‌ಸ್ಟರ್ ಆದರೆ ಜಿಎಚ್‌ಎನ್, ಜಿಟಿ ಆದರೆ ಜಿಎಚ್‌ಡಿ ಎಂದು ಶುರುವಾಗುತ್ತದೆ. ಗೇಡನ್ನಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಮ್ಮಿನವರು ಕಾರ್ಖಾನೆಯ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತಾರೆ. ಹೊರಬಂದಾಗ ಯಾವ ಬಣ್ಣವಿತ್ತು, ಯಾವ ಎಂಜಿನ್ನಿತ್ತು ಎಂಬುದು ಅದರಲ್ಲಿ ಗೊತ್ತಾಗುತ್ತದೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದ ಹೊಸ ಬಾಡಿಗಳನ್ನೇ ತಯಾರಿಸಿದೆ. ಅಂಥ ಬಾಡಿ ಕೂರಿಸಿದ ಕಾರು ಗಟ್ಟಿಮುಟ್ಟಾಗಿಯೇ ಇರುತ್ತದೆ, ಆದರೆ ಆ ವಿಷಯವನ್ನು ನೀನು ಕೇಳುವ ಮೊದಲೇ ಅವನು ಹೇಳಬೇಕು.

• ಫೋನ್ ಮಾಡಿದಾಗ "ನಿಮ್ಮ ಕಾರಿನ ಜಾಹೀರಾತು ನೋಡಿದೆ" ಎಂದಷ್ಟೇ ಹೇಳು. "ಯಾವ ಕಾರು?" ಎಂದು ಕೇಳಿದರೆ ಅವನು ಖಾಸಗಿ ಮಾರಾಟಗಾರನ ವೇಷದಲ್ಲಿರುವ ವ್ಯಾಪಾರಿ. ಇದು ಸಣ್ಣ ವಿಷಯವಲ್ಲ: ವ್ಯಾಪಾರಿಯಿಂದ ಕೊಂಡರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ರಕ್ಷಣೆ ನಿನಗಿದೆ. ಖಾಸಗಿ ಮಾರಾಟದಲ್ಲಿ ಕಾರು ಅವನದೇ ಆಗಿದ್ದು, ಅವನು ವರ್ಣಿಸಿದಂತೆ ಇದ್ದರೆ ಮುಗಿಯಿತು, ಉಳಿದದ್ದು ನಿನ್ನ ಹೊಣೆ. ಅದಕ್ಕೇ ಜಾಹೀರಾತಿನ ಪ್ರತಿಯೊಂದು ಪುಟವನ್ನೂ ಫೋನಿನಲ್ಲಿ ಉಳಿಸಿಟ್ಟುಕೋ, ಮಾರಾಟವಾದ ಮೇಲೆ ಅದು ಅಳಿಸಿಹೋದೀತು.

• ಕಣ್ಣಾರೆ ನೋಡದ ಕಾರಿಗೆ ಒಂದು ಪೌಂಡನ್ನೂ ಕಳುಹಿಸಬೇಡ. ಮುಂಗಡವನ್ನೂ ಬೇಡ. ಕಾರು ಬೇರೆ ಊರಿನ ಗೋದಾಮಿನಲ್ಲಿದೆ, ಸಾಗಣೆ ಕಂಪನಿಯವರೇ ತಂದುಕೊಡುತ್ತಾರೆ ಎಂದರೆ ಅದು ವಂಚನೆ ಎಂದೇ ತಿಳಿ. ಬೆಲೆ ತೀರಾ ಕಡಿಮೆಯಿದ್ದರೆ ಅದೇ ಫೋಟೋಗಳು ಬೇರೆಲ್ಲಾದರೂ ಇವೆಯೇ ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕು. ಆನ್‌ಲೈನ್ ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಕೊಳ್ಳುವವರ ಶುಲ್ಕವನ್ನೂ ಸೇರಿಸುತ್ತಾರೆಯೇ ಎಂದು ಷರತ್ತು ಓದಿಕೊಂಡು, ನಿನ್ನ ಮಿತಿಯನ್ನು ಮೊದಲೇ ಬರೆದಿಟ್ಟು ಕೂತುಕೋ.

• ನೋಡಲು ಹಗಲಲ್ಲೇ ಹೋಗು, ಒಬ್ಬಳೇ ಹೋಗಬೇಡ. ಎಂಜಿನ್ ಬೆಚ್ಚಗೆ ಮಾಡಿಡಬೇಡಿ ಎಂದು ಮೊದಲೇ ಹೇಳಿ, ಹೋದ ತಕ್ಷಣ ಬಾನೆಟ್ ಎತ್ತಿ ಮುಟ್ಟಿ ನೋಡು. ಸಣ್ಣ ಅಯಸ್ಕಾಂತವೊಂದನ್ನು ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೋ. ಪುಟ್ಟಿ ತುಂಬಿದ ಜಾಗಕ್ಕೆ ಅದು ಅಂಟುವುದಿಲ್ಲ. (ಮೊದಲ ವರ್ಷಗಳ ಕಾರುಗಳ ಬಾನೆಟ್ ಅಲ್ಯೂಮಿನಿಯಮ್ಮಿನದು, ಅಲ್ಲಿ ಅಂಟದಿದ್ದರೆ ಗಾಬರಿಯಾಗಬೇಡ.) ಬಿಸಿಯಾದ ಎಂಜಿನ್ ಓಡುತ್ತಿರುವಾಗ ಆಯಿಲ್ ಪ್ರೆಷರ್ 50 ಪಿಎಸ್‌ಐ ಆಸುಪಾಸು ಅಥವಾ ಅದಕ್ಕಿಂತ ಮೇಲಿರಬೇಕು. ತಂತಿಚಕ್ರ ಇದ್ದರೆ ಮುಂದೆ ಹಿಂದೆ ಸಾಗಿಸುವಾಗ ಟಕ್ ಎಂಬ ಸದ್ದು ಬರುತ್ತದೆಯೇ ಕೇಳಿಸಿಕೋ, ಹಬ್ಬಿನ ಹಲ್ಲುಗಳು ಸವೆದಿದ್ದರೆ ಹಾಗಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯಿರುತ್ತದೆ. 2312 ಎಂದರೆ 2012ರ 23ನೆಯ ವಾರ. ಹಳೆಯ ಟೈರಿನ ಗೆರೆಗಳು ಎಷ್ಟೇ ಚೆನ್ನಾಗಿದ್ದರೂ ಬದಲಿಸಲೇಬೇಕು, ಅದನ್ನು ಬೆಲೆಯಲ್ಲಿ ಕಳೆ. ಎಂಜಿನ್ನು, ಕಾರ್ಬುರೇಟರು, ಬ್ರೇಕು ಇವುಗಳಲ್ಲಿ ಸಣ್ಣಪುಟ್ಟ ದೋಷ ಕಂಡರೆ ಮುಖ ಬಾಡಿಸಬೇಡ. ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ, ನಾನೂ ಇದ್ದೇನೆ.

• ಪೆಟ್ರೋಲ್. 2021ರ ಸೆಪ್ಟೆಂಬರಿನಿಂದ ಇಲ್ಲಿ ಸಾಮಾನ್ಯವಾಗಿ ಸಿಗುವುದು ಇ10. ಅದರಲ್ಲಿನ ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನು ಹಾಳುಮಾಡುತ್ತದೆ. ಇ5 ಸೂಪರ್ ಹಾಕಿಸು, ಪೈಪುಗಳನ್ನು ಹೊಸದಾಗಿ ಹಾಕಿಸು. ಸೀಸವಿಲ್ಲದ ಪೆಟ್ರೋಲಿಗೆ ಹೊಂದುವಂತೆ ಸಿಲಿಂಡರ್ ಹೆಡ್ ಬದಲಿಸಿದ್ದಾರೆಯೇ ಎಂದೂ ಕೇಳು.

• ಲೈಸೆನ್ಸ್, ತೆರಿಗೆ, ವಿಮೆ. ನಮ್ಮೂರಿನ ಲೈಸೆನ್ಸಿನಲ್ಲಿ ಇಲ್ಲಿ 12 ತಿಂಗಳು ಮಾತ್ರ ಓಡಿಸಬಹುದು. ಇಲ್ಲಿ ಪರೀಕ್ಷೆ ಕೊಡುವಾಗ ಗೇರ್ ಕಾರಿನಲ್ಲೇ ಕೊಡು, ಆಟೊಮ್ಯಾಟಿಕ್‌ನಲ್ಲಿ ಪಾಸಾದರೆ ಗೇರಿನ ಎಂಜಿಬಿ ಮುಟ್ಟುವ ಹಾಗಿಲ್ಲ. 40 ವರ್ಷ ದಾಟಿದ ಕಾರಿಗೆ ತೆರಿಗೆ ಸೊನ್ನೆ, ಹೊಗೆಯುಗುಳುವ ಕಾರುಗಳ ಮೇಲೆ ಲಂಡನ್ನಿನಲ್ಲಿ ಹಾಕುವ ಯೂಲೆಜ್ ಶುಲ್ಕವೂ ಇಲ್ಲ. ಆದರೂ ತೆರಿಗೆಯ ಅರ್ಜಿ ನಿನ್ನ ಹೆಸರಿನಲ್ಲಿ ಹಾಕಲೇಬೇಕು. ವಿಮೆ ಮಾಡಿಸುವಾಗ ಕಾರಿನ ಬೆಲೆ ಇಷ್ಟು ಎಂದು ಎರಡೂ ಕಡೆಯವರು ಮೊದಲೇ ಒಪ್ಪಿ ಬರೆದ ಪಾಲಿಸಿಯನ್ನೇ ತಗೋ. ಎಂಜಿ ಓನರ್ಸ್ ಕ್ಲಬ್ ಅಥವಾ 1930ರಲ್ಲೇ ಶುರುವಾದ ಎಂಜಿ ಕಾರ್ ಕ್ಲಬ್ಬಿಗೆ ಕಾರು ಕೊಳ್ಳುವ ಮೊದಲೇ ಸೇರು. ನಿನ್ನ ಜೊತೆ ಬಂದು ಕಾರು ನೋಡಿಕೊಡುವ ಹಿರಿಯರು ಅಲ್ಲಿ ಸಿಗುತ್ತಾರೆ.

• ಅದನ್ನು ಮೈಸೂರಿಗೆ ಸಾಗಿಸಿ ಅಮ್ಮನನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುವ ಆಸೆಯನ್ನು ಸದ್ಯ ಬಿಟ್ಟುಬಿಡು. ಭಾರತಕ್ಕೆ ತರುವ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ವಿಂಟೇಜ್ ಕಾರುಗಳಿಗೆ ವಿನಾಯಿತಿಯಿದೆ, ಆದರೆ ನೀನು ಕೊಳ್ಳುವ ಎಂಜಿಬಿ ಆ ಲೆಕ್ಕಕ್ಕೆ ಬರುತ್ತದೆಯೇ ಎಂದು ಆಗಿನ ನಿಯಮ ನೋಡದೆ ಹೇಳಲಾಗದು. ಅಮ್ಮನನ್ನೇ ಇಲ್ಲಿಗೆ ಕರೆಸು, ಬೇಸಿಗೆಯಲ್ಲಿ ಹುಡ್ ಇಳಿಸಿ ಕಾಟ್ಸ್‌ವೋಲ್ಡ್ಸ್ ಹಳ್ಳಿಗಳ ಕಡೆ ಸುತ್ತಿಸು.

ಕಾರು ಗೊತ್ತಾದ ಮೇಲೆ ಸಿಲ್ಲಿನ ಅಡಿಯ ಫೋಟೋ ಮತ್ತು ನೋಂದಣಿ ಸಂಖ್ಯೆಯನ್ನು ನನಗೆ ಕಳುಹಿಸು, ಎಷ್ಟು ಹೊತ್ತಾಗಿದ್ದರೂ ಸರಿ. ನಾನು ನೋಡಿ ಹೇಳುವವರೆಗೆ ಮಾರುವವನಿಗೆ ಹೂಂ ಎನ್ನಬೇಡ.