ಮಗುವಿಗೆ ಹೈಚೇರ್ ಬೇಕೇ, ಬೇಡವೇ: ಪರೀಕ್ಷೆಗೆ ಮುಖ್ಯಾಂಶಗಳು

ಗೃಹವಿಜ್ಞಾನ, ನರ್ಸಿಂಗ್ ಮತ್ತು ಅಂಗನವಾಡಿ ಮೇಲ್ವಿಚಾರಕಿ ಹುದ್ದೆಯ ಪರೀಕ್ಷೆಗೆ ಓದುವವರಿಗಾಗಿ ಈ ಟಿಪ್ಪಣಿ. ಪೂರಕ ಆಹಾರದ ಪಾಠದಲ್ಲಿ ಏನು ಉಣಿಸಬೇಕು, ಎಷ್ಟು ಸಲ ಉಣಿಸಬೇಕು ಎಂಬುದಕ್ಕೆ ಪುಟಗಟ್ಟಲೆ ಜಾಗ ಸಿಗುತ್ತದೆ. ಎಲ್ಲಿ ಕೂರಿಸಿ ಉಣಿಸಬೇಕು ಎಂಬುದು ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ಅಂಗಡಿಯವರು ಮಾತ್ರ ಆ ಪ್ರಶ್ನೆಯನ್ನೇ ದೊಡ್ಡದು ಮಾಡಿದ್ದಾರೆ. ಉದಾಹರಣೆಗಳನ್ನು ಮುಳಬಾಗಿಲು ಮತ್ತು ಕೋಲಾರದ ಕಡೆಯ ಮನೆಗಳಿಂದ ಆರಿಸಿದೆ.

ಎರಡು ಅಂಕದ ಉತ್ತರ

ಉಣ್ಣುವಾಗ ಮಗುವಿಗೆ ಬೇಕಾದದ್ದು ಬೆನ್ನು ಸೊಂಟಕ್ಕೆ ಆಸರೆ, ಪಾದ ಊರಲು ನೆಲೆ, ಮತ್ತು ಎದುರಿಗೆ ಕೂತು ಉಣಿಸುವ ಒಬ್ಬರು. ಇಷ್ಟು ತೊಡೆಯ ಮೇಲೂ ಸಿಗುತ್ತದೆ, ಚಾಪೆಯ ಮೇಲೂ ಸಿಗುತ್ತದೆ. ಮನೆಮಂದಿ ನೆಲದ ಮೇಲೆ ಕೂತು ಉಣ್ಣುವವರಾದರೆ ಹೈಚೇರ್ ಬೇಡ. ದಿನವೂ ಟೇಬಲ್ಲಿನಲ್ಲೇ ಊಟವಾಗುವ ಮನೆಯಾದರೆ ಉಪಯೋಗಕ್ಕೆ ಬರುತ್ತದೆ, ಬೆಲ್ಟ್ ಹಾಕುವುದಾದರೆ ಮಾತ್ರ.

ಮೊದಲು ವಯಸ್ಸು

- 6 ತಿಂಗಳು (180 ದಿನ) ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಆಮೇಲೆ ಪೂರಕ ಆಹಾರ. ಎದೆಹಾಲು 2 ವರ್ಷದವರೆಗೆ, ಅದರಾಚೆಗೂ ಮುಂದುವರಿಯಬಹುದು.
- ಎದೆಹಾಲು ಕುಡಿಯುವ ಮಗುವಿಗೆ ಆಹಾರದಿಂದ ದಿನಕ್ಕೆ ಸಿಗಬೇಕಾದ ಶಕ್ತಿ: 6–8 ತಿಂಗಳಲ್ಲಿ ಸುಮಾರು 200 ಕಿಲೋಕ್ಯಾಲರಿ, 9–11 ತಿಂಗಳಲ್ಲಿ 300, 12–23 ತಿಂಗಳಲ್ಲಿ 550.
- ಊಟದ ಸಂಖ್ಯೆ: 6–8 ತಿಂಗಳಲ್ಲಿ 2–3 ಸಲ, ಆಮೇಲೆ 3–4 ಸಲ.
- ತಪ್ಪಾಗುವ ಜಾಗ: ಅನ್ನಪ್ರಾಶನವನ್ನು ಗಂಡುಮಗುವಿಗೆ ಸಮ ತಿಂಗಳಲ್ಲಿ, ಹೆಣ್ಣುಮಗುವಿಗೆ ಬೆಸ ತಿಂಗಳಲ್ಲಿ, ಅಂದರೆ ಐದರಲ್ಲೋ ಏಳರಲ್ಲೋ ಮಾಡುವ ರೂಢಿಯಿದೆ. ವೈದ್ಯಶಾಸ್ತ್ರದಲ್ಲಿ ಈ ಭೇದವಿಲ್ಲ. ಹೆಣ್ಣಾಗಲಿ ಗಂಡಾಗಲಿ, 6 ತಿಂಗಳು ತುಂಬಿರಬೇಕು. ಅಂದಹಾಗೆ, ಮಗುವಿನ ಬಾಯಿಗೆ ಮೊದಲ ಅಗುಳು ಬೀಳುವುದು ಅಪ್ಪನ ತೊಡೆಯ ಮೇಲೋ ಸೋದರಮಾವನ ತೊಡೆಯ ಮೇಲೋ. ಕುರ್ಚಿಯ ಮಾತೇ ಅಲ್ಲಿಲ್ಲ.

ಕೂರುವುದು ಯಾವಾಗ

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಚಲನಾ ವಿಕಾಸದ ಅಧ್ಯಯನವನ್ನು ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಎಂಬ ಐದು ದೇಶಗಳ ಆರೋಗ್ಯವಂತ ಮಕ್ಕಳ ಮೇಲೆ ನಡೆಸಲಾಯಿತು. ಅದರ ಪ್ರಕಾರ ಆಸರೆಯಿಲ್ಲದೆ ಕೂರುವ ವಯಸ್ಸು 3.8ರಿಂದ 9.2 ತಿಂಗಳು, ಒಬ್ಬರೇ ನಡೆಯುವುದು 8.2ರಿಂದ 17.6 ತಿಂಗಳು. ಆರು ತಿಂಗಳು ತುಂಬಿದ ದಿನವೇ ಎಲ್ಲ ಮಕ್ಕಳೂ ನೆಟ್ಟಗೆ ಕೂರುವುದಿಲ್ಲ ಎಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ. ಆದ್ದರಿಂದ ಉಣಿಸಲು ಶುರು ಮಾಡುವಾಗ ನೋಡಬೇಕಾದ ಗುರುತುಗಳು ಬೇರೆ: ಕತ್ತು ನಿಂತಿದೆಯೇ, ಆಸರೆ ಕೊಟ್ಟರೆ ಕೂರುತ್ತದೆಯೇ, ಬಾಯಿಗಿಟ್ಟದ್ದನ್ನು ನಾಲಗೆ ಹೊರಕ್ಕೆ ನೂಕುವುದು ನಿಂತಿದೆಯೇ, ತಟ್ಟೆಯ ಕಡೆ ಕೈ ಚಾಚುತ್ತದೆಯೇ.

ಕತ್ತು ನಿಂತು ಸೊಂಟ ಇನ್ನೂ ನಿಲ್ಲದ ಮಗುವನ್ನು ಹೈಚೇರಿಗೆ ಹಾಕಿದರೆ ಅದು ಪಕ್ಕಕ್ಕೆ ವಾಲಿ ತಟ್ಟೆಯ ಅಂಚಿಗೆ ಕುಸಿಯುತ್ತದೆ. ಆ ಕೆಲವು ವಾರ ತೊಡೆಯೇ ಸರಿಯಾದ ಕುರ್ಚಿ.

ಭಂಗಿ: ಪ್ರಶ್ನೆ ಇರುವುದೇ ಇಲ್ಲಿ

ಕಾಲು ಚಾಚಿ ಕೂತು, ಮಗುವನ್ನು ಕಾಲಮೇಲೆ ಅಂಗಾತ ಮಲಗಿಸಿ, ಒಳಲೆಯಲ್ಲಿ ಹಾಲನ್ನೋ ಸರಿಯನ್ನೋ ಸುರಿಯುವುದು ನಮ್ಮ ಕಡೆ ಹಳೆಯ ಪದ್ಧತಿ. ಮಗು ಬಾಯಿ ಬಿಡದಿದ್ದರೆ ಅತ್ತಾಗ ಸುರಿಯುತ್ತಾರೆ. ಅಪಾಯ ಆ ಅಳುವಿನಲ್ಲೇ ಇದೆ. ಅಳುವಾಗ ಮಗು ಉಸಿರನ್ನು ಜೋರಾಗಿ ಒಳಗೆಳೆಯುತ್ತದೆ, ಶ್ವಾಸನಾಳದ ಬಾಯಿ ತೆರೆದಿರುತ್ತದೆ, ಸುರಿದದ್ದು ಅನ್ನನಾಳ ಬಿಟ್ಟು ಅತ್ತ ಹೋಗುತ್ತದೆ. ನೆತ್ತಿಗೆ ಹತ್ತಿತು ಎಂದು ತಲೆ ತಟ್ಟಿ ಸುಮ್ಮನಾಗುತ್ತೇವೆ. ಒಳಗಿಳಿದದ್ದು ಶ್ವಾಸಕೋಶದಲ್ಲಿ ಉಳಿದರೆ ನ್ಯುಮೋನಿಯಾ. ಹರಳೆಣ್ಣೆಯಂಥ ಎಣ್ಣೆ ಹೋದರಂತೂ ಇನ್ನೂ ಕೆಟ್ಟದ್ದು, ಏಕೆಂದರೆ ಎಣ್ಣೆ ಕೆಮ್ಮನ್ನು ಎಬ್ಬಿಸುವುದೇ ಕಡಿಮೆ.

ಇದಕ್ಕೆ ಪರಿಹಾರ ಹೈಚೇರ್ ಎಂದು ಬರೆದರೆ ಅರ್ಧ ಅಂಕ. ನೆಟ್ಟಗಿನ ಭಂಗಿ ಎಂದು ಬರೆಯಬೇಕು: ಸೊಂಟ, ಮಂಡಿ, ಪಾದದ ಗಂಟು ಮೂರೂ ಹೆಚ್ಚುಕಡಿಮೆ ಲಂಬಕೋನದಲ್ಲಿ, ಗದ್ದ ಸ್ವಲ್ಪ ಕೆಳಗೆ, ತಲೆ ನಡುವಿನಲ್ಲಿ. ಪಾದ ಜೋತಾಡುವ ಮಗು ಬಿದ್ದೇನೆಂಬ ಅಳುಕಿನಲ್ಲಿ ಮೈ ಬಿಗಿಹಿಡಿಯುತ್ತದೆ. ಅಗಿಯುವುದರ ಕಡೆ ಗಮನ ಹೋಗುವುದಿಲ್ಲ. ನಾರ್ವೆಯ ವಿನ್ಯಾಸಕಾರ ಪೀಟರ್ ಓಪ್ಸ್‌ವಿಕ್ 1972ರಲ್ಲಿ ರೂಪಿಸಿದ ಟ್ರಿಪ್ ಟ್ರಾಪ್ ಕುರ್ಚಿಯ ಹೆಗ್ಗಳಿಕೆ ಇದೇ: ಕೂರುವ ಹಲಗೆ, ಪಾದದ ಹಲಗೆ ಎರಡನ್ನೂ ಮಗು ಬೆಳೆದಂತೆ ಸರಿಸಬಹುದು, ಮಗು ದೊಡ್ಡವರ ಟೇಬಲ್ಲಿಗೇ ಸೇರಿ ಕೂರುತ್ತದೆ. ಇಲ್ಲಿ ಅಗ್ಗಕ್ಕೆ ಮಾರುವ ಬಹಳಷ್ಟು ಹೈಚೇರ್‌ಗಳ ಪಾದದ ಹಲಗೆ ಆರು ತಿಂಗಳ ಮಗುವಿಗೆ ಎಟುಕುವುದೇ ಇಲ್ಲ.

ಮುಳಬಾಗಿಲ ಮನೆಯಲ್ಲಿ ಲೆಕ್ಕ ಹೀಗೆ

ಬೆಂಗಳೂರಿನಿಂದ ಕೋಲಾರ ದಾಟಿ ಚಿತ್ತೂರಿನ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರ ಮೇಲೆ ಮುಳಬಾಗಿಲಿದೆ. ಹೆದ್ದಾರಿಯ ದೊಡ್ಡ ಹೋಟೆಲುಗಳಲ್ಲಿ ಮಗುವಿಗೊಂದು ಎತ್ತರದ ಕುರ್ಚಿ ತಂದಿಡುತ್ತಾರೆ. ಮನೆಗೊಂದು ಬೇಕು ಎಂಬ ಆಸೆ ಹುಟ್ಟುವುದು ಎಷ್ಟೋ ಸಲ ಅಲ್ಲೇ. ಆದರೆ ಅಲ್ಲಿಂದ ಎರಡು ಮೈಲಿ ಒಳಗಿನ ಹಳ್ಳಿಮನೆಯಲ್ಲಿ ಊಟ ನಡೆಯುವುದು ನೆಲದ ಮೇಲೆ. ಮುದ್ದೆ ಮುರಿಯಲು, ಸಾರಿನಲ್ಲಿ ಅದ್ದಲು ಚಕ್ಕಳಮಕ್ಕಳ ಕೂತರೇ ಅನುಕೂಲ. ಆ ಪಂಕ್ತಿಯಲ್ಲಿ ಮಗು ಒಂದನ್ನು ಮೂರಡಿ ಎತ್ತರಕ್ಕೆ ಏರಿಸಿದರೆ ಅದು ಕಾಣುವುದು ಎಲ್ಲರ ನೆತ್ತಿಯನ್ನು. ಬಾಯಿ ಆಡುವುದು ಕಾಣದು. ಉಣ್ಣುವುದನ್ನು ಮಗು ಕಲಿಯುವುದು ನೋಡಿ. ‘ನಾವು ಕೆಳಗೆ ಕೂತು ಅದನ್ನ ಮಾತ್ರ ಅಟ್ಟ ಹತ್ತಿಸೋದಾ’ ಎಂದು ಅಜ್ಜಿ ಕೇಳಿದರೆ ಅದು ಹಟವಲ್ಲ, ಶಿಶುವಿಕಾಸದ ಪಾಠವೇ.

ನೆಲದಲ್ಲಿ ಉಣಿಸುವ ಮನೆಗೆ ಸಾಕಾಗುವ ಏರ್ಪಾಡು: ಗೋಡೆಯ ಮೂಲೆಗೆ ಚಾಪೆ, ಬೆನ್ನಿಗೆ ಗಟ್ಟಿಯಾಗಿ ಮಡಿಸಿದ ಕಂಬಳಿ, ಎರಡೂ ಪಕ್ಕಕ್ಕೆ ದಿಂಬು, ಎದುರಿಗೆ ತಟ್ಟೆ ಇಡಲು ಮಣೆ. ಉಣಿಸುವವರು ಮಗುವಿನ ಕಣ್ಣಿನ ಮಟ್ಟಕ್ಕೆ, ಎದುರಿಗೆ ಕೂರಬೇಕು. ಹಿಂದಿನಿಂದ ಕೈ ತಂದು ಬಾಯಿಗಿಡಬಾರದು. ಸಂತೆಯಲ್ಲಿ ಸಿಗುವ, ಕೂತರೆ ಪೀಪಿ ಊದುವ ಗಿಡ್ಡ ಪ್ಲಾಸ್ಟಿಕ್ ಕುರ್ಚಿ ಒಂದು ವರ್ಷ ದಾಟಿದ ಮಗುವಿಗೆ ಆಗಬಹುದು. ಆರೇಳು ತಿಂಗಳ ಮಗುವಿಗೆ ಆಗದು: ಅದಕ್ಕೆ ಬೆಲ್ಟೂ ಇಲ್ಲ, ಮಗು ಹಿಂದಕ್ಕೆ ಒರಗಿದರೆ ಕುರ್ಚಿಯೂ ಜೊತೆಗೇ ಮಗುಚುತ್ತದೆ.

ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಕರ್ನಾಟಕ 2023–24ರ ಬಜೆಟ್ಟಿನಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ‘ಕೂಸಿನ ಮನೆ’ ಪ್ರಕಟಿಸಿತು; ಗುರಿ 4,000 ಪಂಚಾಯಿತಿಗಳು. ಹಲವು ಮಕ್ಕಳನ್ನು ಒಟ್ಟಿಗೆ ನೋಡಿಕೊಳ್ಳುವ ಇಂಥ ಜಾಗಕ್ಕೆ ಏನು ಕೊಳ್ಳಬೇಕು ಎಂಬ ಪ್ರಶ್ನೆ ಬಂದರೆ ನನ್ನ ಉತ್ತರ ಹೈಚೇರ್ ಅಲ್ಲ: ಗೋಡೆಗಂಟಿದ ಒರಗುಹಾಸು, ಗಿಡ್ಡ ಬೆಂಚು, ತೊಳೆಯಲು ಬರುವ ಚಾಪೆ. ನಾಲ್ಕು ಮಕ್ಕಳನ್ನು ಎತ್ತರದಲ್ಲಿ ಕಟ್ಟಿ ಕೂರಿಸಿ ಐದನೆಯದರ ಹಿಂದೆ ಓಡುವ ಆಯಾಳನ್ನು ನೆನೆಸಿಕೊಳ್ಳಿ.

ಹಾಗಾದರೆ ಯಾರಿಗೆ ಬೇಕು

- ಮಂಡಿನೋವಿನಿಂದ ನೆಲಕ್ಕೆ ಕೂರಲಾರದ ಅಜ್ಜಿಯೇ ಹಗಲಿಡೀ ಮಗುವಿಗೆ ಉಣಿಸುವ ಮನೆ. ‘ಬೇಕು’ ಎನ್ನಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ತೋರದು.
- ಅವಳಿ ಮಕ್ಕಳ ಮನೆ, ಉಣಿಸುವವರು ಒಬ್ಬರೇ ಇದ್ದಾಗ.
- ದಿನವೂ ಟೇಬಲ್ಲಿನಲ್ಲಿ ಉಣ್ಣುವ ಮನೆ. ಹೊರದೇಶದ ಕನ್ನಡ ಮನೆಗಳು ಹೆಚ್ಚಾಗಿ ಈ ಸಾಲಿಗೆ ಸೇರುತ್ತವೆ.
- ಸಿಸೇರಿಯನ್ ಅಥವಾ ಬೆನ್ನುನೋವಿನಿಂದಾಗಿ ಬಗ್ಗಿ ಏಳಲು ಕಷ್ಟಪಡುವ ತಾಯಿ.

ಬಳಕೆಯ ಕಾಲ ಒಂದೂವರೆ ವರ್ಷ, ಹೆಚ್ಚೆಂದರೆ ಎರಡು. ನೆಂಟರ ಮನೆಯಿಂದ ಎರವಲು ತಂದರೆ ನಷ್ಟವಿಲ್ಲ. ತರುವ ಮುನ್ನ ಬಕಲ್ಲಿನ ಸಂದು ನೋಡಬೇಕು: ರಾಗಿ ಸರಿ ಅಲ್ಲಿ ಒಣಗಿದರೆ ಸಿಮೆಂಟಿನಂತೆ ಕಚ್ಚುತ್ತದೆ, ಬೆಲ್ಟ್ ‘ಟಕ್’ ಎನ್ನದೆ ಹಾಕಿದಂತೆ ಮಾತ್ರ ಕಾಣುತ್ತದೆ, ಇರುವೆಯೂ ಅಲ್ಲೇ ಮನೆ ಮಾಡುತ್ತದೆ.

ಅಪಾಯದ ಅಂಕಿ

ಅಮೆರಿಕದಲ್ಲಿ 2003ರಿಂದ 2010ರವರೆಗಿನ ದಾಖಲೆ ನೋಡಿದ ಅಧ್ಯಯನವೊಂದರ ಪ್ರಕಾರ 3 ವರ್ಷದೊಳಗಿನ ಮಕ್ಕಳು ಹೈಚೇರ್ ಸಂಬಂಧಿ ಗಾಯಗಳಿಂದ ತುರ್ತು ಚಿಕಿತ್ಸೆಗೆ ಬಂದ ಪ್ರಸಂಗಗಳು ವರ್ಷಕ್ಕೆ ಸರಾಸರಿ 9,400ರಷ್ಟು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಬಿದ್ದು ಆದ ಗಾಯ. ಬೀಳುವ ಮುಂಚೆ ಏನು ಮಾಡುತ್ತಿತ್ತೆಂದು ತಿಳಿದ ಪ್ರಕರಣಗಳಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳು ಕುರ್ಚಿಯಲ್ಲಿ ಎದ್ದು ನಿಂತಿದ್ದವು ಅಥವಾ ಹತ್ತುತ್ತಿದ್ದವು. ಬೆಲ್ಟ್ ಸರಿಯಾಗಿ ಹಾಕಿದ್ದರೆ ನಿಲ್ಲುವುದು ಸುಲಭವಲ್ಲ. ಅಲ್ಲಿ 2019ರ ಜೂನ್‌ನಿಂದ ಹೈಚೇರ್‌ಗಳಿಗೆ ಕಡ್ಡಾಯ ಸುರಕ್ಷತಾ ನಿಯಮವಿದೆ. ಯುರೋಪಿನ ಮಾನದಂಡ ಇಎನ್ 14988.

ಇದರ ಜೊತೆಗೇ ಕೇಳುವ ಇನ್ನೆರಡು:
- ವಿಶ್ವ ಆರೋಗ್ಯ ಸಂಸ್ಥೆ, 2019: ಒಂದೇ ಸಮನೆ 1 ಗಂಟೆಗಿಂತ ಹೆಚ್ಚು ಹೊತ್ತು ಮಗುವನ್ನು ಹೈಚೇರ್, ತಳ್ಳುಗಾಡಿ, ಬೆನ್ನಜೋಳಿಗೆಯಲ್ಲಿ ಕಟ್ಟಿಡಬಾರದು. ಒಂದು ವರ್ಷದೊಳಗೆ ಪರದೆಯೂ ಬೇಡ. ಮೊಬೈಲ್ ತೋರಿಸಿ ಹೈಚೇರಿನಲ್ಲಿ ಗಂಟೆ ಮೀರಿ ಉಣಿಸುವುದು ಎರಡೂ ಕಡೆ ತಪ್ಪು.
- ಗಾಲಿಯ ವಾಕರ್ ಬೇರೆ, ಹೈಚೇರ್ ಬೇರೆ. ವಾಕರ್ ಅನ್ನು ಕೆನಡಾ 2004ರಲ್ಲಿ ನಿಷೇಧಿಸಿತು.

ಕುರ್ಚಿಗಿಂತ ಬಟ್ಟಲು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ–5 (2019–21): ದೇಶದಲ್ಲಿ 6–8 ತಿಂಗಳ ಮಕ್ಕಳಲ್ಲಿ ಎದೆಹಾಲಿನೊಡನೆ ಗಟ್ಟಿ ಅಥವಾ ಅರೆಗಟ್ಟಿ ಆಹಾರ ಪಡೆಯುವವರು 45.9%. 6–23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುವವರು 11.3%. ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು 35.4%. ಕೈಯಲ್ಲಿರುವ ದುಡ್ಡು ಕುರ್ಚಿಗೋ ಮೊಟ್ಟೆ, ಬೇಳೆ, ತುಪ್ಪಕ್ಕೋ ಎಂದು ಅಳೆಯುವ ಮನೆಯಲ್ಲಿ ಉತ್ತರ ಸ್ಪಷ್ಟ.

ರಾಗಿ ಸರಿಯ ಬಗ್ಗೆ ಒಂದು ಪ್ರಶ್ನೆ ಬಂದೇ ಬರುತ್ತದೆ ಎಂದುಕೊಂಡು ಓದಿ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸುತ್ತಾರೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಅಂಟಂಟಾಗದು. ಚಮಚಕ್ಕೆ ಸಿಗುವ ಶಕ್ತಿ ಏರುತ್ತದೆ. ಜಾಸ್ತಿ ಹುರಿದರೆ ಕಿಣ್ವವೇ ನಾಶ. ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ 1982ರಲ್ಲಿ ಮೊಳಕೆ ರಾಗಿ, ಹೆಸರುಕಾಳಿನ ಶಿಶು ಆಹಾರವನ್ನು ರೂಪಿಸಿದ್ದು ಇದೇ ಗುಣದ ಮೇಲೆ. ಹದದ ಪರೀಕ್ಷೆ ಸುಲಭ: ಚಮಚ ಓರೆ ಮಾಡಿದರೆ ಸರಿ ನೀರಿನಂತೆ ಹರಿದುಹೋಗಬಾರದು, ನಿಲ್ಲಬೇಕು. ಬಾಟಲಿಯ ನಿಪ್ಪಲ್ ತುದಿ ಕತ್ತರಿಸಿ ತೆಳು ಸರಿ ಕುಡಿಸುವ ಅಭ್ಯಾಸ ಇನ್ನೂ ಇದೆ. ಮಗು ಅಗಿಯಲೂ ಕಲಿಯದು, ಹೊಟ್ಟೆಗೂ ಬರಿ ನೀರು. ಹಾಲುಣಿಸುವ ಬಾಟಲಿ, ಶಿಶು ಹಾಲಿನಪುಡಿಯ ಜಾಹೀರಾತನ್ನು 1992ರ ಕಾಯ್ದೆ (2003ರಲ್ಲಿ ತಿದ್ದುಪಡಿ) ನಿಷೇಧಿಸುತ್ತದೆ. ಹೈಚೇರಿಗೆ ಅಂಥ ತಡೆಯಿಲ್ಲ, ಆದ್ದರಿಂದಲೇ ಫೋನಿನ ತುಂಬ ಅದೇ.

ಶಿಶು ಪೋಷಣೆಯ ಯೋಜನೆಗಳ ದಿನಾಂಕವೂ ನೆನಪಿರಲಿ. ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಆರಂಭ: 2 ಅಕ್ಟೋಬರ್ 1975, ಕರ್ನಾಟಕದ ಮೊದಲ ಯೋಜನೆ ಟಿ. ನರಸೀಪುರ. ಪೋಷಣ್ ಅಭಿಯಾನ: 8 ಮಾರ್ಚ್ 2018.

ಗಂಟಲಿಗೆ ಸಿಕ್ಕಿದಾಗ

ಇಡೀ ಕಡಲೆಬೀಜ, ಹುರಿಗಡಲೆ, ಇಡೀ ದ್ರಾಕ್ಷಿ ಪುಟ್ಟ ಮಕ್ಕಳಿಗೆ ಬೇಡ. ಶ್ರೀನಿವಾಸಪುರದ ಮಾವು ಕಿವುಚಿ ಕೊಡಿ, ಅಡ್ಡಿಯಿಲ್ಲ. ಜೇನು 1 ವರ್ಷ ತುಂಬುವವರೆಗೆ ಕೂಡದು. ಒಂದು ವರ್ಷದೊಳಗಿನ ಮಗುವಿಗೆ ಉಸಿರುಕಟ್ಟಿದರೆ ತಲೆ ತಗ್ಗಿಸಿ ಬೆನ್ನಿಗೆ 5 ಏಟು, ತಿರುಗಿಸಿ ಎದೆಗೆ 5 ಒತ್ತು, ಮತ್ತೆ ಮತ್ತೆ, 108ಕ್ಕೆ ಕರೆ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬಾರದು. ಬೆಲ್ಟಿನಲ್ಲಿರುವ ಮಗುವನ್ನು ಒಂದೇ ಕೈಯಲ್ಲಿ ಬಿಡಿಸಲು ಬರಬೇಕು; ಹೈಚೇರ್ ಕೊಳ್ಳುವಾಗ ಅಂಗಡಿಯಲ್ಲೇ ಇದನ್ನು ಮಾಡಿ ನೋಡಿ.

ಕೂರಲಾರದ ಮಗು

9 ತಿಂಗಳಾದರೂ ಮಗು ಕೂರದಿದ್ದರೆ ದಿಂಬು ಹೆಚ್ಚಿಸುವುದಲ್ಲ, ಹೈಚೇರ್ ತರುವುದೂ ಅಲ್ಲ, ವೈದ್ಯರಿಗೆ ತೋರಿಸುವುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ. ವ್ಯಾಪ್ತಿ ಹುಟ್ಟಿನಿಂದ 18 ವರ್ಷ, ಜನ್ಮಜಾತ ದೋಷ, ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ ಎಂಬ ನಾಲ್ಕು ಗುಂಪು. ಮುಂದಿನ ತಪಾಸಣೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಫಿಸಿಯೋಥೆರಪಿಯವರು ಅಳತೆ ನೋಡಿ ಮಾಡಿಸುವ ಮೂಲೆಕುರ್ಚಿ ಬೇಕಾಗುತ್ತದೆ: ಹಿಂದೆ ಎರಡು ಹಲಗೆ ಲಂಬಕೋನದಲ್ಲಿ ಸೇರಿ ಭುಜವನ್ನು ಮುಂದಕ್ಕೆ ತರುತ್ತವೆ, ನಡುವೆ ಒಂದು ಗೂಟ ತೊಡೆಗಳನ್ನು ಅಗಲಿಸಿ ಹಿಡಿಯುತ್ತದೆ, ಮುಂದೊಂದು ತಟ್ಟೆಹಲಗೆ. ಅಳತೆ ಸಿಕ್ಕರೆ ಊರಿನ ಬಡಗಿಯೇ ಅದನ್ನು ಮಾಡಿಕೊಡಬಲ್ಲ.