ಬೆಳ್ಳಟ್ಟಿಯಿಂದ ದ್ವೀಪಕ್ಕೆ: ಬಲ್ಲವರನ್ನು ಹಿಡಿಯುವ ಸೂತ್ರಗಳು

ನಮ್ಮೂರು ಬೆಳ್ಳಟ್ಟಿಯಿಂದ ಧರ್ಮಸ್ಥಳಕ್ಕೋ ಉಳವಿಗೋ ಹೊರಡಲು ಯಾರ ಸಲಹೆಯೂ ಬೇಕಿಲ್ಲ. ಒಂದು ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ. ದ್ವೀಪದ ಮಾತು ಬೇರೆ. ಅಲ್ಲಿ ಸಮುದ್ರ ಶಾಂತವಾಗಿರಬೇಕು, ಕೆಲವು ಕಡೆ ಪರವಾನಗಿ ಬೇಕು, ಅಜ್ಜಿ ದೋಣಿ ಹತ್ತಿ ಇಳಿಯಬೇಕು. ಇದನ್ನೆಲ್ಲ ತಿಳಿದವರ ಕೈಹಿಡಿದು ಹೋಗುವುದೇ ಕ್ಷೇಮ. ಆದರೆ ಪ್ಯಾಕೇಜ್ ಮಾರುವವರೆಲ್ಲ ತಿಳಿದವರಲ್ಲ.

1. ಮೊದಲು ದ್ವೀಪ ಗೊತ್ತುಮಾಡಿ, ಆಮೇಲೆ ಏಜೆಂಟರನ್ನು ಹುಡುಕಿ.
ಮಲ್ಪೆಯ ಸೇಂಟ್ ಮೇರಿಸ್ ದ್ವೀಪಕ್ಕೆ ಏಜೆಂಟರೇ ಬೇಡ. ದೋಣಿಯಲ್ಲಿ ಹೋಗಿ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ಕಂಬಗಳನ್ನು ಮಕ್ಕಳಿಗೆ ತೋರಿಸಿ, ಅಂದೇ ಮರಳಿ ಉಡುಪಿ ಸೇರಬಹುದು. ಸಮುದ್ರವನ್ನೇ ಕಾಣದ ಮನೆಮಂದಿಗೆ ಮೊದಲ ಪ್ರವಾಸ ಇದೇ ಆಗಲಿ ಎಂಬುದು ನನ್ನ ಅಭಿಪ್ರಾಯ. ಮುರುಡೇಶ್ವರದ ನೇತ್ರಾಣಿ ನೀರಿಗಿಳಿದು ಮೀನು, ಹವಳ ನೋಡುವವರ ಜಾಗ, ವಯಸ್ಸಾದವರಿಗಲ್ಲ. ನಾಲ್ಕಾರು ದಿನದ ಪ್ರವಾಸ ಬೇಕಾದರೆ ಅಂಡಮಾನ್ ಇಲ್ಲವೇ ಲಕ್ಷದ್ವೀಪ. ಅನುಭವಿಗಳ ಸಹಾಯ ನಿಜಕ್ಕೂ ಬೇಕಾಗುವುದು ಇವೆರಡಕ್ಕೆ.

2. ದರಕ್ಕಿಂತ ಮೊದಲು ತಿಂಗಳು ಕೇಳಿ.
ದಸರಾ ರಜೆಯಲ್ಲಿ ಹೋಗೋಣ ಅನ್ನಿಸುವುದು ಸಹಜ. ಆದರೆ ಆಗ ನಮ್ಮಲ್ಲಿ ಶೇಂಗಾ, ಉಳ್ಳಾಗಡ್ಡಿ, ಗೋವಿನಜೋಳದ ಕೆಲಸ. ಬಂಗಾಳ ಕೊಲ್ಲಿಯಲ್ಲೂ ಅದು ವಾಯುಭಾರ ಕುಸಿತದ ಕಾಲ. ಹಿಂಗಾರಿ ಜೋಳ, ಕಡಲೆಯ ರಾಶಿ ಮುಗಿದು, ಶಾಲೆಗೆ ಬೇಸಿಗೆ ರಜೆ ಬೀಳುವ ಏಪ್ರಿಲ್ ನಮಗೂ ಅನುಕೂಲ, ಸಮುದ್ರಕ್ಕೂ ಅನುಕೂಲ. ಮೇ ಕೊನೆಗೆ ಅಂಡಮಾನಿಗೆ ಮುಂಗಾರು ಬಂದುಬಿಟ್ಟಿರುತ್ತದೆ. ಇದನ್ನು ಹೇಳದೆ ಜೂನ್ ತಿಂಗಳ ಪ್ಯಾಕೇಜನ್ನು ಅಗ್ಗದ ದರಕ್ಕೆ ತೋರಿಸುವವರನ್ನು ಬಿಟ್ಟುಬಿಡಿ.

3. ಏಜೆಂಟರಿಗೆ ಈ ಪ್ರಶ್ನೆ ತಪ್ಪದೆ ಕೇಳಿ: "ಹಡಗ ರದ್ದಾದ್ರ ನಮ್ಮ ಮಂದಿ ಎಲ್ಲಿ ಉಳೀಬೇಕ್ರಿ?"
ಗಾಳಿ ಜೋರಾದರೆ ಅಂಡಮಾನಿನ ದ್ವೀಪಗಳ ನಡುವಿನ ಫೆರಿ ನಿಲ್ಲುತ್ತದೆ. ಅದಕ್ಕೇ ಅನುಭವಿಗಳು ಕೊನೆಯ ರಾತ್ರಿಯನ್ನು ಹ್ಯಾವ್‌ಲಾಕ್ ದ್ವೀಪದಲ್ಲಿ ಇಡುವುದಿಲ್ಲ, ವಿಮಾನ ಹತ್ತುವ ಪೋರ್ಟ್ ಬ್ಲೇರಿನಲ್ಲೇ ಇಡುತ್ತಾರೆ. ನಿಮ್ಮ ಕೈಗೆ ಬಂದ ಪ್ರವಾಸದ ಪಟ್ಟಿಯಲ್ಲಿ ಬೆಳಿಗ್ಗೆ ಫೆರಿ, ಮಧ್ಯಾಹ್ನ ವಿಮಾನ ಎಂದಿದ್ದರೆ ಅದನ್ನು ಬರೆದವರಿಗೆ ಆ ಸಮುದ್ರ ಗೊತ್ತಿಲ್ಲ. ಇನ್ನೊಂದು ಗುರುತೂ ಇದೆ. ಅಂಡಮಾನಿನಲ್ಲಿ ಚಳಿಗಾಲದಲ್ಲಿ ಸೂರ್ಯ ಸಂಜೆ ಐದು, ಐದೂವರೆಗೆಲ್ಲ ಮುಳುಗುತ್ತಾನೆ. ಸಂಜೆ ಆರಕ್ಕೆ ಹ್ಯಾವ್‌ಲಾಕ್‌ನ ರಾಧಾನಗರ ಬೀಚಿನಲ್ಲಿ ಸೂರ್ಯಾಸ್ತ ಎಂದು ಬರೆದಿದ್ದರೆ ಅದೂ ಕುರ್ಚಿಯಲ್ಲಿ ಕುಳಿತು ಮಾಡಿದ ಪಟ್ಟಿಯೇ.
ಹೆಸರುಗಳನ್ನೂ ಗಮನಿಸಿ. ಹ್ಯಾವ್‌ಲಾಕ್ 2018ರಲ್ಲಿ ಸ್ವರಾಜ್ ದ್ವೀಪವಾಯಿತು, ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಟಿಕೆಟ್‌ನಲ್ಲಿ ಹಳೆಯ ಹೆಸರೂ ಇರಬಹುದು, ಹೊಸದೂ ಇರಬಹುದು.

4. ಮನೆಮಂದಿಯ ಪಟ್ಟಿಯನ್ನು ಮುಚ್ಚುಮರೆಯಿಲ್ಲದೆ ಕೊಡಿ.
ಯಾರಿಗೆ ಮೊಣಕಾಲು ನೋವು, ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಬಸ್ಸಿನಲ್ಲೇ ವಾಂತಿ, ಎಲ್ಲವನ್ನೂ ಹೇಳಿ. ಲಕ್ಷದ್ವೀಪದ ಹಲವು ಕಡೆ ದೊಡ್ಡ ಹಡಗು ದಡದವರೆಗೆ ಬರುವುದಿಲ್ಲ. ಹೊರಗೇ ನಿಂತ ಹಡಗಿನಿಂದ, ಏಳುತ್ತ ಬೀಳುತ್ತ ಇರುವ ಸಣ್ಣ ದೋಣಿಗೆ ಕಾಲಿಡಬೇಕು. ಎಂಬತ್ತರ ಅಜ್ಜಿಗೆ ಅದು ಆಗದ ಮಾತು. ಕೊಚ್ಚಿಯಿಂದ ಅಗತ್ತಿಗೆ ವಿಮಾನವೇ ಸರಿ.
ಊಟದ ವಿಷಯವೂ ಮುಖ್ಯ. ಶುದ್ಧ ಸಸ್ಯಾಹಾರಿಗಳಾದರೆ ಪ್ರತಿ ರಾತ್ರಿಯ ಹೋಟೆಲಿನ ಅಡುಗೆಮನೆ ಬಗ್ಗೆ ಏಜೆಂಟರಿಂದ ಕೇಳಿಸಿ. ಒಂದು ಡಬ್ಬಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಜೊತೆಗಿದ್ದರೆ ಅರ್ಧ ಚಿಂತೆ ಕಳೆಯಿತು.

5. ಲಕ್ಷದ್ವೀಪದ ಪರವಾನಗಿಗೆ ಸಮಯ ಇಟ್ಟುಕೊಳ್ಳಿ.
ಪ್ರವೇಶಪತ್ರವಿಲ್ಲದೆ ಅಲ್ಲಿಗೆ ಕಾಲಿಡುವಂತಿಲ್ಲ. ಅಲ್ಲಿನ ಆಡಳಿತದ ಪ್ರವಾಸೋದ್ಯಮ ಸಂಸ್ಥೆ 'ಸ್ಪೋರ್ಟ್ಸ್' ತಾನೇ ಪ್ಯಾಕೇಜ್ ನಡೆಸುತ್ತದೆ. ಮೊದಲು ಅಲ್ಲಿ ವಿಚಾರಿಸಿ, ಪೊಲೀಸ್ ದೃಢೀಕರಣ ಸೇರಿ ಯಾವ ಕಾಗದ ಬೇಕೆಂದು ತಿಳಿದುಕೊಳ್ಳಿ, ಖಾಸಗಿಯವರ ಬಳಿ ಆಮೇಲೆ ಹೋಗಿ. ಅಂದಹಾಗೆ, ಅಮೀನಿ, ಕಡಮತ್, ಕಿಲ್ತಾನ್ ಮೊದಲಾದ ಅಮೀನದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಕ್ಕಳಿಗೆ ಇದನ್ನು ಹೇಳಿ ಕರೆದೊಯ್ಯಿರಿ.

6. ಸ್ಕೂಬಾ ಕೊನೆಯ ದಿನ ಬೇಡ.
ಡೈವಿಂಗ್ ಮಾಡಿ ಅದೇ ದಿನ ವಿಮಾನ ಹತ್ತುವುದು ಅಪಾಯ; ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಬಹುದು. 18 ಗಂಟೆ ಬಿಡುವು ಇರಲಿ. ಹತ್ತು ವರ್ಷದೊಳಗಿನ ಮಕ್ಕಳಿಗೆ ಗಾಜಿನ ತಳದ ದೋಣಿಯೇ ಸಾಕು. ಆಸ್ತಮಾ, ಹೃದಯದ ತೊಂದರೆ ಇದ್ದವರು ಊರಿನ ವೈದ್ಯರನ್ನು ಕೇಳದೆ ಡೈವಿಂಗ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬಾರದು.

7. ಹಣ ಕಂತಿನಲ್ಲಿ ಕಟ್ಟಿ, ರಸೀದಿ ಸಂಸ್ಥೆಯ ಹೆಸರಲ್ಲಿರಲಿ.
ಯಾರದೋ ಖಾಸಗಿ ಫೋನ್ ಪೇ ನಂಬರಿಗೆ ಪೂರ್ತಿ ಹಣ ಹಾಕಬೇಡಿ. ಪ್ರವಾಸ ರದ್ದಾದರೆ ಎಷ್ಟು ವಾಪಸು ಎಂಬುದು ಕಾಗದದ ಮೇಲೆ ಬರಲಿ. ವಿಮಾನದ ಪಿಎನ್‌ಆರ್ ಸಿಕ್ಕ ಕೂಡಲೇ ವಿಮಾನ ಕಂಪನಿಯ ತಾಣದಲ್ಲಿ ನೀವೇ ಪರೀಕ್ಷಿಸಿ. ಮೋಸವಾಯಿತು ಅನ್ನಿಸಿದ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸೇವೆಯ ತಕರಾರಿಗೆ ಗ್ರಾಹಕ ಸಹಾಯವಾಣಿ 1915. ದ್ವೀಪದಲ್ಲಿ ನಿಮ್ಮನ್ನು ಇಳಿಸಿಕೊಳ್ಳುವವರ ನಂಬರನ್ನು ಮುಂಗಡ ಕಟ್ಟುವ ಮೊದಲೇ ಪಡೆದು, ಮಾತಾಡಿ ನೋಡಿ. ಅವರು ಫೋನ್ ಎತ್ತದಿದ್ದರೆ ಮುಂಗಡ ಕಟ್ಟಬೇಡಿ.